ಹೆಣ ಮಾತಾಡಬಾರದು

ನನ್ನ ಗೆಳೆಯನ ಬದುಕಿನ ಮೇಲೆ ಸಾಕ್ಷ್ಯಚಿತ್ರ ತೆಗೆಯಬೇಕೆಂದು ಹುಬ್ಬಳ್ಳಿಯಿಂದ ಬಂದವರು ಧಾರವಾಡದಲ್ಲಿ ಮೊದಲು ತಟ್ಟಿದ್ದು ನನ್ನ ಮನೆಯ ಬಾಗಿಲು. ತಟ್ಟಲೇಬೇಕಿತ್ತು. ಅವನು ಮಗುವಾಗಿ ಹುಟ್ಟಿದಾಗ ಅವನ ತಾಯಿ ಇದ್ದಳು, ಒಪ್ಪುತ್ತೇನೆ. ಆದರೆ ಅವನು ಊರನ್ನು ನಗಿಸುವವನಾಗಿ ಹುಟ್ಟಿದ ದಿನ ಅವನನ್ನು ಹೆಗಲ ಮೇಲೆ ಹೊತ್ತಿದ್ದವನು ನಾನು. ಈ ಮಾತನ್ನು ಐವತ್ತು ವರ್ಷಗಳಿಂದ ಎಲ್ಲರ ಮುಂದೆ ಹೇಳುತ್ತ ಬಂದಿದ್ದೇನೆ. ಅವನು ಒಮ್ಮೆಯೂ ಅಲ್ಲ ಎಂದಿಲ್ಲ. ಹೌದು ಎಂದೂ ಅಂದಿಲ್ಲ, ಅದು ಬೇರೆ.

ಬಂದವರು ಇಬ್ಬರು. ನಿರ್ದೇಶಕಿ ಮೂವತ್ತರ ಆಸುಪಾಸಿನ ಚುರುಕು ಹೆಣ್ಣುಮಗಳು. ಇನ್ನೊಬ್ಬ ದೊಡ್ಡ ಗಡ್ಡದ ಕ್ಯಾಮೆರಾದವ.

"ಕಾಕಾ, ಅವರು ಹುಟ್ಟಿದ ಮನಿ ಯಾವುದ್ರಿ? ಸ್ವಲ್ಪ ತೋರಸ್ತೀರೇನು?" ಎಂದು ಆಕೆ ಕೇಳಿದಳು.

"ಅದಕ್ಕೇನವಾ, ಬರ್ರಿ," ಎಂದು ಎರಡು ಓಣಿ ದಾಟಿಸಿ ಕರೆದುಕೊಂಡು ಹೋಗಿ ಒಬ್ಬ ವಕೀಲರ ಮನೆ ತೋರಿಸಿದೆ. ನನ್ನ ಗೆಳೆಯನಿಗೂ ಆ ಮನೆಗೂ ಯಾವ ಸಂಬಂಧವೂ ಇಲ್ಲ. ಆ ವಕೀಲರು ತಮ್ಮ ಮೇಲೆ ಯಾರಾದರೂ ಸಿನಿಮಾ ತೆಗೆಯಲಿ ಎಂದು ಬಹಳ ವರ್ಷಗಳಿಂದ ಕಾಯುತ್ತಿರುವಂತೆ ನನಗೆ ಅನಿಸಿತ್ತು. ಕ್ಯಾಮೆರಾ ಕಂಡದ್ದೇ ಒಳಗೆ ಹೋಗಿ ಕರಿ ಕೋಟು ಹಾಕಿಕೊಂಡು, ತಲೆ ಬಾಚಿಕೊಂಡು ಬಂದು ಬಾಗಿಲಲ್ಲಿ ನಿಂತರು. "ಸಣ್ಣವರಿದ್ದಾಗ ಹೆಂಗಿದ್ರು ಹೇಳ್ರಿ" ಎಂದು ಆಕೆ ಕೇಳಿದರೆ, "ಭಾಳ ಶಾಣ್ಯಾ ಇದ್ದೆ" ಎಂದರು. ಹೀಗೆ ಅರ್ಧ ತಾಸು ನಡೆಯಿತು.

ಮರುದಿನ ಆಕೆ ನನ್ನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಕಾಕಾ, ಇನ್ನ ಮ್ಯಾಲ ನಿಮ್ಮ ಬಾಯಾಗಿಂದ ಬಂದದ್ದನ್ನ ಮತ್ತೊಬ್ಬರ ಹತ್ರ ಕೇಳೇ ನಾ ಪಿಚ್ಚರಿಗೆ ಹಾಕಾಕಿ."

"ಮತ್ತೊಬ್ಬರು ಯಾರ ಅದಾರವಾ? ಈ ಓಣ್ಯಾಗ ಎಲ್ಲಾರೂ ನನ್ನ ಕೇಳೇ ಹೇಳವರು," ಎಂದೆ. ಆಕೆಗೆ ನಗು ಬಂತು, ಆದರೆ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ಇದು ಮುಂದೆ ನನ್ನ ಕಾಲಿಗೇ ಸುತ್ತಿಕೊಂಡಿತು.

ನನ್ನ ಗೆಳೆಯ ಎಂಥವನು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಈಗಿನ ಮಂದಿ ಸ್ಟ್ಯಾಂಡ್ ಅಪ್ ಕಾಮಿಡಿ ಎನ್ನುವುದನ್ನು ಆಗ ನಾವು ಹಾಸ್ಯ ಸಂಜೆ ಎನ್ನುತ್ತಿದ್ದೆವು. ಉಳಿದ ಹಾಸ್ಯದವರು ಅತ್ತೆ-ಸೊಸೆ, ಗಂಡ-ಹೆಂಡತಿ ಎಂದು ಹೇಳಿ ಶಾಲು ಹೊದ್ದುಕೊಂಡು ಮನೆಗೆ ಹೋಗುತ್ತಿದ್ದರು. ಇವನು ಹಾಗಲ್ಲ. ಯಾರು ಶಾಲು ಹೊದಿಸಲು ಬಂದಿದ್ದಾರೋ ಅವರನ್ನೇ ಹಿಡಿಯುತ್ತಿದ್ದ. ಉಪ್ಪಿನ ಬೆಟಗೇರಿ ಕಡೆಯ ಒಂದೂರಿನಲ್ಲಿ ಮುಂದಿನ ಸಾಲಿನ ಸೋಫಾದಲ್ಲಿ ಊರ ಹಿರಿಯರು ಕುಳಿತಿದ್ದರು. "ಈ ಸೋಫಾದ ಮ್ಯಾಲ ಕುಂತವರು ನಗೂದಿಲ್ಲ. ಹಿಂದ ಯಾರ ನಕ್ರು ಅಂತ ನಾಳಿ ಮುಂಜಾನೆ ವಿಚಾರಣಿ ಮಾಡ್ತಾರ," ಎಂದ. ಅಷ್ಟಕ್ಕೇ ಮೈಕು ಬಂದ್ ಆಯಿತು. ಇವನು ವೇದಿಕೆಯಿಂದ ಇಳಿದು, ಹಿಂದಿನ ಸಾಲಿಗೆ ಹೋಗಿ, ಉಳಿದ ಮಾತನ್ನು ಒಬ್ಬೊಬ್ಬರ ಕಿವಿಯಲ್ಲಿ ಹೇಳುತ್ತ ಹೊರಟ. ನಗು ಹಿಂದಿನಿಂದ ಸಾಲುಸಾಲಾಗಿ ಮುಂದೆ ಬರತೊಡಗಿತು. ಕಡೆಗೆ ಸೋಫಾದ ಮೇಲಿದ್ದ ಹಿರಿಯರೊಬ್ಬರು, "ನಮ್ಮ ಕಿವಿ ಏನ್ ಪಾಪ ಮಾಡ್ಯಾವೋ? ಇಲ್ಲಿ ಬಾ," ಎಂದು ಕರೆದರು.

ಈ ಹುಚ್ಚು ಶುರುವಾದದ್ದು ಹೋಳಿಯಲ್ಲಿ. ನಮ್ಮ ಓಣಿಯಲ್ಲಿ ಹೋಳಿಗೆ ಹೆಣದ ಸೋಗು ಹಾಕುವ ಪದ್ಧತಿ. ಬದುಕಿದ್ದವನನ್ನೇ ಚಟ್ಟದ ಮೇಲೆ ಮಲಗಿಸಿ, ಬದನೆಕಾಯಿಯ ಹಾರ ಹಾಕಿ, ಮೂಗಿಗೆ ಹತ್ತಿ ಇಟ್ಟು, ಹಲಗಿ ಬಡಿಯುತ್ತ ಹೊತ್ತು ತಿರುಗುತ್ತಿದ್ದೆವು. ಗಂಡಸರು ಸೀರೆ ಉಟ್ಟು ಹಿಂದೆ ಅಳುತ್ತ ಬರುವರು. ಸತ್ತವನ ಬಗ್ಗೆ ಏನು ಬೇಕಾದರೂ ಹೇಳಿ ಅಳಬಹುದು, ಬೈಯಬಹುದು, ಮಾನ ಕಳೆಯಬಹುದು. ಒಂದೇ ಒಂದು ಕಟ್ಟಳೆ: ಹೆಣ ಮಾತಾಡಬಾರದು. ಕಣ್ಣು ಬಿಡಬಾರದು, ನಗಬಾರದು, ಉತ್ತರ ಕೊಡಬಾರದು. ಅವನಿಗೆ ಹದಿನೆಂಟು ತುಂಬಿದ ವರ್ಷ ಅವನ ಸರದಿ ಬಂತು. "ಬದುಕಿರೂತನಕ ಒಂದ ದಿನಾನೂ ಜಳಕಾ ಮಾಡ್ಲಿಲ್ಲಲ್ಲೋ ತಮ್ಮಾ" ಎಂದು ಯಾರೋ ರಾಗ ಎಳೆದರು. ಚಟ್ಟದ ಮುಂದಿನ ಎಡಬದಿ ನನ್ನ ಹೆಗಲ ಮೇಲಿತ್ತು. ನಾನು ಹೆಗಲನ್ನು ಸ್ವಲ್ಪ ಇಳಿಸಿದೆ, ಬಿದಿರು ಅವನ ಬೆನ್ನಿಗೆ ಚುಚ್ಚಿತು, ಬಾಯಿ ತೆರೆಯಿತು. "ನಿಮ್ಮ ಮನಿ ಬಾವ್ಯಾಗ ನೀರ ಎಲ್ಲಿದ್ದೂ ಜಳಕಾ ಮಾಡಾಕ?" ಎಂದ ಹೆಣ, ಅಲ್ಲಿಂದ ಓಣಿಯ ಕೊನೆಯವರೆಗೂ ಪ್ರತಿ ಮನೆಯ ಮುಂದೆ ಆ ಮನೆಯವರ ಬಣ್ಣ ಬಯಲು ಮಾಡುತ್ತ ಹೋಯಿತು. ನಿಂತು ನಗಿಸುವವರು ಈಗ ಊರೂರಲ್ಲಿ ಇದ್ದಾರೆ. ಮಲಗಿಕೊಂಡು ಕಲಿತವನು ಇವನೊಬ್ಬನೇ. ಹೆಗಲು ಇಳಿಸಿದ ಗುರು ನಾನೊಬ್ಬನೇ.

ಅಂಥವನಿಗೆ ಹೋದ ವರ್ಷ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಅವನ ತೊಡೆಯ ಮೇಲೆ ಸಾಲಿ ಮಕ್ಕಳ ಪಾಟಿ ಇರುತ್ತದೆ, ಕಿಸೆಯಲ್ಲಿ ಬಳಪ. ಬರೆದು ತೋರಿಸುತ್ತಾನೆ, ಅಂಗೈಯಿಂದ ಒರೆಸುತ್ತಾನೆ. ನಾನು ನಲವತ್ತು ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದವನು, ಅವನ ಅಕ್ಷರ ನೋಡಿ ಬೈದೆ. ಅವನು ಪಾಟಿಯ ಮೇಲೆ ಕತ್ತೆಯ ಚಿತ್ರ ಬರೆದು, ಅದಕ್ಕೆ ನನ್ನ ಚಾಳೀಸು ಹಾಕಿ ತೋರಿಸಿದ. ಚಿತ್ರ ಸುಮಾರಾಗಿತ್ತು.

ನಿರ್ದೇಶಕಿ ಮೂರನೆಯ ದಿನ ಅವನ ಪಡಸಾಲೆಯಲ್ಲಿ ಕ್ಯಾಮೆರಾ ಹೂಡಿ, ಮನೆಮಂದಿಯ ಬಗ್ಗೆ ಕೇಳಿದಳು. ಅವನು ಕಿಸೆಯಿಂದ ಬಳಪ ತೆಗೆದು ಬರೆದ: "ಅಕ್ಕ ಬರಬೇಕು." ಒರೆಸಿದ. ಮತ್ತೆ ಬರೆದ: "ಆಕಿ ಬರಲಿಲ್ಲಂದ್ರ ಪಿಚ್ಚರ್ ಬ್ಯಾಡ."

ಆಕೆ ನನ್ನ ಮುಖ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಅಕ್ಕ ಅವನಿಗಿಂತ ಐದು ವರ್ಷ ದೊಡ್ಡವಳು. ಸಾಲಿಯಲ್ಲಿ ಕಲಿಸುತ್ತಿದ್ದಳು, ಓಣಿಗೆಲ್ಲ ಅಕ್ಕೋರು. ಆಕೆ ಮದುವೆಯಾಗಲಿಲ್ಲ, ಇವನೂ ಆಗಲಿಲ್ಲ. ಅಕ್ಕ-ತಮ್ಮ ಒಂದೇ ಮನೆಯಲ್ಲಿ ಸುಖವಾಗಿ ಜಗಳಾಡುತ್ತ ಇದ್ದರು. ಹನ್ನೊಂದು ವರ್ಷದ ಹಿಂದೆ ಹುಬ್ಬಳ್ಳಿಯ ಒಂದು ಸಭಾಭವನದಲ್ಲಿ, ಅಕ್ಕ ಎರಡನೆಯ ಸಾಲಿನಲ್ಲಿ ಕುಳಿತಿದ್ದಾಗ, ಇವನು ಮೈಕಿನಲ್ಲಿ ಹೀಗೆ ಹೇಳಿದ: "ನಮ್ಮ ಅಕ್ಕನ್ನ ನೋಡಾಕ ಹದಿನೆಂಟು ವರಗೋಳು ಬಂದ್ರು. ಬಂದವರೆಲ್ಲ ಉಪ್ಪಿಟ್ಟು ತಿಂದ್ರು, ಊರಿಗೆ ಹೋಗಿ ಪತ್ರಾ ಬರದ್ರು. ಹುಡುಗಿ ಬಗ್ಗೆ ಒಂದಕ್ಷರ ಇಲ್ಲ. ಉಪ್ಪಿಟ್ಟಿಗೆ ಏನೇನ್ ಹಾಕೀರಿ ಅಂತ ಕೇಳಿದ್ರು. ಕಡೀಕ ನಮ್ಮಪ್ಪ, ಉಪ್ಪಿಟ್ಟಿಗೇ ಅರಿಷಿಣ ಹಚ್ಚಿ ಧಾರಿ ಎರದು ಕೊಟ್ಟಬಿಡೂಣು ಅಂದ."

ಭವನದ ಛಾವಣಿ ಹಾರುವಂತೆ ಜನ ನಕ್ಕರು. ಅಕ್ಕ ಎದ್ದು, ಸೆರಗು ಸರಿಮಾಡಿಕೊಂಡು, ಪಕ್ಕದವರ ಕಾಲು ತುಳಿಯದಂತೆ ಮೆಲ್ಲಗೆ ದಾಟಿ ಹೊರಗೆ ಹೋದಳು. ಮರುದಿನ ಎರಡು ಟ್ರಂಕು ಕಟ್ಟಿಕೊಂಡು ರಾಯಾಪುರದಲ್ಲಿ ತನ್ನ ಹಳೆಯ ಸಹೋದ್ಯೋಗಿಯೊಬ್ಬರ ಮನೆಗೆ ಹೋದವಳು ತಿರುಗಿ ಬರಲಿಲ್ಲ. ಇವನು ಗೇಟಿನವರೆಗೆ ಎಷ್ಟು ಸಲ ಹೋದನೋ. ಪ್ರತಿ ಸಲ ಚಹಾ ಹೊರಗೆ ಬರುತ್ತಿತ್ತು, ಅಕ್ಕ ಬರುತ್ತಿರಲಿಲ್ಲ.

ಈಗ ನಾನು ಹೇಳಬೇಕಾದದ್ದನ್ನು ಹೇಳುತ್ತೇನೆ. ಇವನ ಎಲ್ಲ ಜೋಕುಗಳೂ ನನ್ನವೇ ಎಂದು ಊರತುಂಬ ಹೇಳಿಕೊಂಡು ತಿರುಗಿದವನು ನಾನು. ಖರೇ ನೋಡಿದರೆ ನೂರಕ್ಕೆ ಎರಡೋ ಮೂರೋ ನನ್ನವು, ಅವೂ ಅರ್ಧಂಬರ್ಧ. ಪೂರ್ತಿ ನನ್ನದಾದದ್ದು ಒಂದೇ, ಅದು ಆ ಉಪ್ಪಿಟ್ಟಿನದು. ಅಂದು ವೇದಿಕೆಯ ಹಿಂದೆ ಅವನು, "ಹೊಸಾದು ಏನರ ಕೊಡಲೇ" ಎಂದ. ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಅದನ್ನು ಬರೆದುಕೊಟ್ಟೆ. ಓದಿದ, ನಕ್ಕ, ನಂತರ ಅನುಮಾನಿಸಿದ. "ಅಕ್ಕ ಬಂದಾಳಲೇ."

"ಬಂದಾಳಂತನ ಹೇಳು. ಎಲ್ಲಾರಕಿಂತ ಮೊದಲ ಆಕಿನ ನಗ್ತಾಳ," ಎಂದವನು ನಾನು.

ಎಲ್ಲವನ್ನೂ ನನ್ನದೆಂದವನು ಇದೊಂದನ್ನು ಮಾತ್ರ ನನ್ನದೆಂದು ಎಲ್ಲಿಯೂ ಅನ್ನಲಿಲ್ಲ. ಅವನೂ ಹನ್ನೊಂದು ವರ್ಷ ನನ್ನ ಹೆಸರು ಹೇಳಲಿಲ್ಲ. ಅವನು ಆ ಬಗ್ಗೆ ಒಮ್ಮೆ ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ನಿರ್ದೇಶಕಿ ಅಂದೇ ರಾಯಾಪುರಕ್ಕೆ ಹೋಗಿ ಬಂದಳು. ಅಕ್ಕ ಚಹಾ ಕೊಟ್ಟಳಂತೆ, ಚಕ್ಕುಲಿ ಕೊಟ್ಟಳಂತೆ. ಕ್ಯಾಮೆರಾ ಚೀಲದೊಳಗಿಂದ ಹೊರಗೆ ತೆಗೆಯಲು ಬಿಡಲಿಲ್ಲವಂತೆ. "ಅವಗ ಬಾಯಿ ಇದ್ದಾಗ ಊರ ಮುಂದ ಅಂವ ಮಾತಾಡಿದ, ನಾ ಸುಮ್ನ ಕೂತೆ. ಈಗ ಅವಗ ಬಾಯಿ ಇಲ್ಲ. ಈಗ ನಾ ಊರ ಮುಂದ ಮಾತಾಡಿದ್ರ ಅದು ನ್ಯಾಯ ಏನವಾ?" ಎಂದಳಂತೆ. ಪಾಟಿ ಹಿಡಿದವನು ಇದನ್ನು ಕೇಳಿ ಏನೂ ಬರೆಯಲಿಲ್ಲ. ಬರೆಯದಿದ್ದರೂ ಪಾಟಿಯನ್ನು ಒರೆಸಿದ.

ಅದನ್ನು ನೋಡಲಾರದೆ, "ಕ್ಯಾಮೆರಾ ನನ್ನ ಕಡೆ ತಿರುಗಸ್ರಿ," ಎಂದೆ. "ಆ ಉಪ್ಪಿಟ್ಟಿನ ಜೋಕ ನಂದು. ಬರದಾಂವ ನಾ. ಹೇಳು ಅಂದಾಂವ ನಾ."

ಕ್ಯಾಮೆರಾದವ ಗಡ್ಡದೊಳಗೇ ನಕ್ಕ. ನಿರ್ದೇಶಕಿ ನಗಲಿಲ್ಲ. ಬಹಳ ಮೃದುವಾಗಿ, "ಕಾಕಾ, ಮೊನ್ನೆ ವಕೀಲರ ಮನಿ. ನಿನ್ನೆ, ಮೈಕ ಬಂದಾದಾಗ ಕಿವಿಯೊಳಗ ಹೇಳು ಅಂದಾಂವನೂ ನಾನ ಅಂದ್ರಿ. ಇವತ್ತ ಇದು. ನಿಮಗ ಗೆಳೆಯಾರ ಮ್ಯಾಲ ಭಾಳ ಜೀವ ಐತಿ, ತಿಳೀತದ. ಆದ್ರ ಇದನ್ನ ಯಾರ ನಂಬ್ತಾರ್ರಿ?" ಎಂದಳು.

ಗೆಳೆಯನ ಕಡೆ ನೋಡಿದೆ. ಹೌದೆಂದು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಅವನು ಪಾಟಿ ಎತ್ತಿ ತೋರಿಸಿದ: "ಮುದುಕ ಸುಳ್ಳ ಹೇಳಾಕತ್ತಾನ." ಕಳ್ಳ!

ಮರುದಿನ ಮುಂಜಾನೆ ನಾನೇ ರಾಯಾಪುರದ ಬಸ್ಸು ಹತ್ತಿದೆ. ಅಕ್ಕೋರು ಅಂಗಳದಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ನೋಡಿ, "ಏನೋ, ಇನ್ನೂ ಅದೀ?" ಎಂದಳು.

"ಇನ್ನೂ ಅದೀನ್ರಿ ಅಕ್ಕೋರ. ಒಂದ ಮಾತ ಹೇಳಿ ಹೋಗಾಕ ಬಂದೇನಿ. ಆ ಉಪ್ಪಿಟ್ಟಿಂದು ನಾ ಬರಕೊಟ್ಟದ್ರಿ."

ಆಕೆ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ. ಅಂವ ಮಂದೀನ ನೋಡಿ ಜೋಕ ಮಾಡ್ತಾನ. ನೀ ನೋಡದಂಗ ಮಾಡ್ತಿ. ಅದರಾಗ ನಾ ಅನ್ನಾಕಿ ಎಲ್ಲೂ ಇರಲಿಲ್ಲ. ಬರೇ ಉಪ್ಪಿಟ್ಟಿತ್ತು." ಒಂದು ಕಾಯಿ ಬಿಡಿಸಿ ಕಾಳು ಬುಟ್ಟಿಗೆ ಹಾಕಿ ಮುಂದುವರಿಸಿದಳು. "ಬರದಾಂವ ನೀ ಆದ್ರೂ ಹೇಳಿದಾಂವ ನನ್ನ ತಮ್ಮ. ಅಷ್ಟ."

ನಾನು ಹಾಸ್ಯ ಬರೆಯುವವನೆಂದು ಬೀಗಿದವನು. ನನ್ನ ಕಸುಬಿನ ಬಗ್ಗೆ ಅಷ್ಟು ಚೊಕ್ಕಟವಾದ ವಿಮರ್ಶೆಯನ್ನು ಅವರೆಕಾಯಿ ಸುಲಿಯುತ್ತ ಯಾರೂ ಮಾಡಿರಲಿಲ್ಲ. ಉತ್ತರ ತೋಚದಾಗ ನಾನು ಮಾಡುವುದು ಒಂದೇ, ಕಿತಾಪತಿ.

"ಅಕ್ಕೋರ, ಪಿಚ್ಚರಿನವರು ಬರೂ ರವಿವಾರ ಓಣ್ಯಾಗ ಹೋಳಿ ಸೋಗಿನ ಶೂಟಿಂಗ್ ಮಾಡಾಕತ್ತಾರ್ರಿ. ಹೆಣ ನಾನ ಆಗ್ತೇನಿ. ಹೆಣಕ್ಕ ಏನ್ ಬೇಕಾದ್ರೂ ಅನ್ನಬಹುದು. ಹೆಣ ಮಾತಾಡೂಹಂಗಿಲ್ಲ. ನನ್ನ ಬಾಯಿ ಮುಚ್ಚಿದ್ದು ನೀವು ಇಲ್ಲೀತನಕ ನೋಡಿಲ್ಲ. ಮತ್ತ ಇಂಥಾ ಅವಕಾಶ ಸಿಗೂದಿಲ್ಲ, ನೋಡ್ರಿ."

"ನಿನ್ನ ಬೈಯಾಕ ನಾ ರಾಯಾಪುರದಿಂದ ಆಟೋ ಮಾಡಿ ಬರಬೇಕೇನು?"

"ಬರ್ರಿ. ಬಿಸಿಲಿರತದ, ಛತ್ರಿ ತರ್ರಿ."

ಹೇಳಿ ಬಂದುಬಿಟ್ಟೆ. ಸೋಗಿನ ಶೂಟಿಂಗಿನ ಸುದ್ದಿ ಮಾತ್ರ ನಿರ್ದೇಶಕಿಗೆ ಗೊತ್ತಿರಲಿಲ್ಲ. ಬಂದ ಮೇಲೆ ಆಕೆಗೆ ಹೇಳಿ ಒಪ್ಪಿಸಿದೆ. ಅಕ್ಕನನ್ನು ಕರೆದದ್ದನ್ನು ಯಾರಿಗೂ ಹೇಳಲಿಲ್ಲ. ಬರದಿದ್ದರೆ ಗೆಳೆಯನ ಸೋತ ಮುಖ ಮತ್ತೊಮ್ಮೆ ನೋಡಬೇಕಾಗುತ್ತಿತ್ತು.

ರವಿವಾರ ಬಂತು. ಹೋಳಿ ಅಲ್ಲ, ಏನಲ್ಲ, ಓಣಿಯಲ್ಲಿ ಹಲಗಿ ಸದ್ದು ಕೇಳಿ ಮಂದಿ ಕಟ್ಟೆಗಳ ಮೇಲೆ ಸೇರಿದರು. ನನ್ನ ಹೆಣದ ಮುಖಕ್ಕೆ ನಾನೇ ಬಣ್ಣ ಬಳಿದುಕೊಂಡೆ. ಡ್ರಾಯಿಂಗ್ ಮಾಸ್ತರನ ಕೈ ಅಲ್ಲವೇ, ಪಕ್ಕದ ಮನೆಯ ಮುದುಕಿ ಒಂದು ಗಳಿಗೆ ಖರೇ ಎಂದು ತಿಳಿದು ಕೈಮುಗಿದಳು. ಬದನೆಕಾಯಿಯ ಹಾರ ಹಾಕಿಕೊಂಡು ಚಟ್ಟದ ಮೇಲೆ ಮಲಗಿದೆ. ಗೆಳೆಯ ಪಾಟಿ ಹಿಡಿದು ಕುರ್ಚಿಯಲ್ಲಿ ಕುಳಿತಿದ್ದ. ಸೀರೆ ಉಟ್ಟ ನಾಲ್ಕು ಮಂದಿ ಗಂಡಸರು ಅಳಲು ಶುರುಮಾಡಿದರು. ಈಗಿನವರಿಗೆ ಅಳುವುದೂ ಬರುವುದಿಲ್ಲ.

ಆಟೋ ನಿಂತ ಸದ್ದು ಕೇಳಿತು. ಹಲಗಿ ತಾನಾಗಿಯೇ ನಿಂತಿತು. ಕಣ್ಣು ಮುಚ್ಚಿದ್ದರೂ ಗೊತ್ತಾಯಿತು. ಛತ್ರಿ ಮಡಚಿದ ಸದ್ದು, ನಂತರ ಚಪ್ಪಲಿ ನನ್ನ ತಲೆಯ ಹತ್ತಿರ ಬಂದು ನಿಂತ ಸದ್ದು.

"ಹೆಣ ಮಾತಾಡೂಹಂಗಿಲ್ಲಲ್ಲಾ?" ಎಂದು ಅಕ್ಕ ಕೇಳಿದಳು.

"ಇಲ್ರಿ ಅಕ್ಕೋರ," ಎಂದು ಓಣಿಯವರು ಹೇಳಿದರು.

ಆಗ ಕುರ್ಚಿ ಸರಿದ ಸದ್ದಾಯಿತು. ಯಾರೋ ನನ್ನ ಪಕ್ಕೆಗೆ ತಿವಿದೇ ಆಚೆ ಸರಿ ಎಂದು ತಿಳಿಸಿದರು. ಅರ್ಧ ಕಣ್ಣು ತೆರೆದು ನೋಡಿದೆ. ನನ್ನ ಗೆಳೆಯ! ಪಾಟಿಯನ್ನು ಎದೆಯ ಮೇಲಿಟ್ಟುಕೊಂಡು, ಒಬ್ಬನಿಗೆ ಮಾಡಿದ ಚಟ್ಟದ ಮೇಲೆ ನನ್ನನ್ನು ಅಂಚಿಗೆ ನೂಕಿ, ಮಲಗಿ ಕಣ್ಣು ಮುಚ್ಚಿದ. ಬಾಯಿಲ್ಲದವನ ಮುಂದೆ ಮಾತಾಡುವುದು ನ್ಯಾಯವಲ್ಲ ಎಂದಿದ್ದಳಲ್ಲ ಅಕ್ಕ. ಚಟ್ಟದ ಮೇಲೆ ಮಲಗಿದವರಿಗೆ ಯಾರಿಗೂ ಬಾಯಿಲ್ಲ, ಅವರಿಗೆ ಏನಂದರೂ ಅದು ಕಟ್ಟಳೆಯೊಳಗಿನದೇ. ಇದು ನನಗೆ ಹೊಳೆದಿರಲಿಲ್ಲ. ಹೊಳೆದಿತ್ತು ಎಂದು ಆಮೇಲೆ ಕೆಲವರಿಗೆ ಹೇಳಿದ್ದೇನೆ.

ಅಕ್ಕ ಅಳುವವರ ರಾಗದಲ್ಲಲ್ಲ, ಪಾಠ ಹೇಳುವ ದನಿಯಲ್ಲಿ ಶುರುಮಾಡಿದಳು.

"ಹದಿನೆಂಟಲ್ಲ, ಒಂಬತ್ತು. ಮೊದಲ ಲೆಕ್ಕಾ ಸರಿ ಮಾಡ್ಕೋರಿ ಇಬ್ರೂ. ಮತ್ತ ಅವರು ನನ್ನ ಒಲ್ಲೆ ಅನ್ಲಿಲ್ಲ. ನಾ ಅವರನ್ನ ಒಲ್ಲೆ ಅಂದೆ. ಒಂಬತ್ತೂ ಸಲ."

ನನ್ನ ಪಕ್ಕದ ತೋಳು ಬಿಗಿಯಾಯಿತು. ಅವನಿಗೂ ಗೊತ್ತಿರಲಿಲ್ಲ.

"ಹುಡುಗಿ ಒಲ್ಲೆ ಅಂದ್ಲು ಅಂದ್ರ ಓಣ್ಯಾಗ ಏನಂತಾರ ಅಂತ ಹೆದರಿ ಅಪ್ಪ, ಅವರಿಗೇ ಮನಸಿಲ್ಲ ಅಂತ ಹೇಳ್ಕೋತ ಬಂದ. ಅಪ್ಪನ ಮಾತು ಸುಳ್ಳ ಮಾಡಬಾರದು ಅಂತ ನಾನೂ ಸುಮ್ನಿದ್ದೆ. ಮೊದಲನೇ ವರಾ, ನಾ ಎದುರಿಗೇ ಕೂತೇನಿ, ಅಪ್ಪನ ಕೇಳ್ತಾನ, 'ಇವರು ಸಾಲಿ ಬಿಡ್ತಾರಲ್ರಿ?' ಅಂತ. ನಾ ಅಂದೆ, 'ನೀವು ನೌಕರಿ ಬಿಡ್ತೀರೇನು?' ಮೂರನೇದವನ ತಾಯಿ, ನಾ ಕುಂಟತೇನೋ ಏನೋ ನೋಡಾಕ ಪಡಸಾಲ್ಯಾಗ ನಡದು ತೋರಸು ಅಂದ್ಲು. ತೋರಿಸಿದೆ. 'ಈಗ ನಿಮ್ಮ ಮಗನೂ ಒಂದ ಸಲ ನಡೀಲಿ' ಅಂದೆ. ಪಾಪ, ಎದ್ದು ನಡಕೋತ ಹೋದಾಂವ ಹೊಳ್ಳಿ ಬರಲೇ ಇಲ್ಲ."

ಕಟ್ಟೆಯ ಮೇಲಿನ ಹೆಂಗಸರು ಮೊದಲು ನಕ್ಕರು. ಆಮೇಲೆ ಓಣಿಯೇ ನಕ್ಕಿತು. ಅಕ್ಕ ನಗು ತಗ್ಗುವವರೆಗೆ ಕಾದಳು. ಎಷ್ಟು ಕಾಯಬೇಕೆಂದು ಆಕೆಗೆ ಸರಿಯಾಗಿ ಗೊತ್ತಿತ್ತು. ಅದನ್ನು ಕಲಿಯಲು ನನ್ನ ಗೆಳೆಯನಿಗೆ ಹತ್ತು ವರ್ಷ ಹಿಡಿದಿತ್ತು.

"ಒಂಬತ್ತನೇದಾಂವ ಛಲೋ ಇದ್ದ. ಸುಳ್ಳ ಹೇಳೂದಿಲ್ಲ. ಒಂದ ವಾರ ವಿಚಾರ ಮಾಡಿದೆ. ಆದ್ರ ನನಗ ನನ್ನ ಸಾಲಿನ ಬೇಕಾಗಿತ್ತು. ಒಲ್ಲೆ ಅಂದೆ. ನನ್ನ ಜೀವನದಾಗ ನಾ ಗಟ್ಟಿಯಾಗಿ ಹೇಳಿದ್ದು ಅದೊಂದ ಮಾತು. ಅದನ್ನ ನೀವಿಬ್ರೂ ಕೂಡಿ ಉಪ್ಪಿಟ್ಟ ಮಾಡಿಬಿಟ್ರಿ." ದನಿ ಸ್ವಲ್ಪ ಇಳಿಯಿತು. "ಇವನೂ ಲಗ್ನಾಗಲಿಲ್ಲ. ಇವನ ಮ್ಯಾಲೆ ಯಾರೂ ಒಂದ ಜೋಕ ಮಾಡ್ಲಿಲ್ಲ. ಮತ್ತ ಉಪ್ಪಿಟ್ಟು ಮಾಡ್ತಿದ್ದಾಕಿ ನಮ್ಮವ್ವ. ನನಗ ಇವತ್ತಿಗೂ ಉಪ್ಪಿಟ್ಟು ಮಾಡಾಕ ಬರೂದಿಲ್ಲ."

ನನ್ನ ನಾಲಿಗೆಯ ತುದಿಗೆ ಒಂದು ಉತ್ತರ ಬಂದಿತ್ತು. ಒಳ್ಳೆಯ ಉತ್ತರ, ಈಗಲೂ ನೆನಪಿದೆ. ನುಂಗಿದೆ. ಚಟ್ಟ ಅಲ್ಲಾಡತೊಡಗಿತು. ಪಕ್ಕದಲ್ಲಿ ಅವನ ಮೈ ಕುಲುಕುತ್ತಿತ್ತು. ದನಿ ಇಲ್ಲದವನು ನಗುವುದು ಹಾಗೆಯೇ. ಆದರೆ ನನ್ನ ಭುಜಕ್ಕೆ ತಾಗಿದ ಅವನ ಕೆನ್ನೆ ಒದ್ದೆಯಾಗಿತ್ತು. ಅವನು ಕಣ್ಣು ಮುಚ್ಚಿಕೊಂಡೇ ಕಿಸೆಯಿಂದ ಬಳಪ ತೆಗೆದು, ಎದೆಯ ಮೇಲಿನ ಪಾಟಿಯಲ್ಲಿ ಸೊಟ್ಟಸೊಟ್ಟಾಗಿ ಏನೋ ಬರೆದ. ನನಗೆ ಕಾಣಲಿಲ್ಲ. ಆಮೇಲೆ ಚಿತ್ರದಲ್ಲಿ ನೋಡಿದೆ: "ತಪ್ಪಾತು ಅಕ್ಕಾ. ಒಂಬತ್ತು."

ಅಕ್ಕ ಅದನ್ನು ಓದಿ, ಸೆರಗಿನ ತುದಿಯಿಂದ ಪಾಟಿ ಒರೆಸಿದಳು. "ಅಕ್ಷರ ಇನ್ನೂ ಸುಧಾರಿಸಿಲ್ಲ. ಬರೂ ರವಿವಾರ ಮನೀಗೆ ಬಾ. ಗೇಟಿನ ಹೊರಗ ನಿಲ್ಲಬ್ಯಾಡ, ಒಳಗ ಬಾ. ರೊಟ್ಟಿ ಮಾಡ್ತೇನಿ," ಎಂದಳು. ಛತ್ರಿ ಬಿಚ್ಚಿದ ಸದ್ದು ಕೇಳಿತು. ಹೋಗುತ್ತ, "ಈ ಇನ್ನೊಂದು ಹೆಣಾನೂ ಕರಕೊಂಡು ಬಾ. ಇದಕ್ಕ ಅವರೆಕಾಯಿ ಸುಲಿಯೂ ಕೆಲಸ ಐತಿ," ಎಂದಳು.

ಚಿತ್ರ ತಯಾರಾಗಿ ಲಕಮನಹಳ್ಳಿಯ ಒಂದು ಸಣ್ಣ ಹಾಲಿನಲ್ಲಿ ತೋರಿಸಿದರು. ಅಕ್ಕ-ತಮ್ಮ ಪಕ್ಕಪಕ್ಕದಲ್ಲಿ ಕುಳಿತಿದ್ದರು, ನಡುವೆ ಪಾಟಿ. ನಾನು ಹೊಸ ಅಂಗಿ ಹಾಕಿಕೊಂಡು, ಮೊದಲ ಸಾಲಿನಲ್ಲಿ ಕುಳಿತು ನನ್ನ ಭಾಗಕ್ಕಾಗಿ ಕಾದೆ. ಮೂರು ದಿನ ಕ್ಯಾಮೆರಾದ ಮುಂದೆ ನಾನು ಹೇಳಿದ್ದರಲ್ಲಿ ಒಂದು ಶಬ್ದವೂ ಇಲ್ಲ. ಹೆಗಲು ಇಳಿಸಿದ್ದಿಲ್ಲ, ಎಲ್ಲ ಜೋಕುಗಳೂ ನನ್ನವೆಂಬ ಕಥೆ ಇಲ್ಲ, ನಾನು ಒಪ್ಪಿಕೊಂಡ ತಪ್ಪೂ ಇಲ್ಲ. ಇಡೀ ಚಿತ್ರದಲ್ಲಿ ನಾನಿರುವುದು ಬದನೆಕಾಯಿಯ ಹಾರ ಹಾಕಿಕೊಂಡು ಬಾಯಿ ಮುಚ್ಚಿ ಮಲಗಿದ ನಾಲ್ಕು ನಿಮಿಷ.

"ಇದೇನವಾ, ನನ್ನ ಬಾಯೇ ಇಲ್ಲಲ್ಲಾ?" ಎಂದು ನಿರ್ದೇಶಕಿಯನ್ನು ಕೇಳಿದೆ.

"ಕಾಕಾ, ನಿಮ್ಮ ಮಾತು ಮತ್ತೊಬ್ಬರ ಹತ್ರ ಕೇಳಿ ಹಾಕಾಕಿ ಅಂದಿದ್ದೆ. ಯಾರೂ ಹೌದು ಅನ್ಲಿಲ್ಲ. ನೀವಿಬ್ರೂ ಅಂತ ಯಾಕ ಅಂದ್ರಿ ಅಂತ ಅಕ್ಕೋರನ್ನ ಕೇಳಿದ್ರ, ಚಟ್ಟದ ಮ್ಯಾಲ ಇಬ್ರಿದ್ರು, ಅದಕ್ಕ ಅಂದ್ರು," ಎಂದಳು.

ಅಕ್ಕನಿಗೆ ಗೊತ್ತು, ಅವನಿಗೆ ಗೊತ್ತು. ಇಬ್ಬರೂ ಹೇಳಲಿಲ್ಲ. ಯಾಕೆಂದು ನಾನು ಕೇಳಿಲ್ಲ. ಈಗ ರವಿವಾರಗಳಲ್ಲಿ ಅವರೆಕಾಯಿ ಸುಲಿಯುತ್ತೇನೆ. ಅವರೆಯ ಹಂಗಾಮು ಮುಗಿದರೆ ಆಕೆ ಬೇರೆ ಏನಾದರೂ ಹುಡುಕಿ ಇಟ್ಟಿರುತ್ತಾಳೆ.

ಆದರೆ ನೀವು ಆ ಚಿತ್ರ ನೋಡುವವರಿದ್ದರೆ, ಆ ನಾಲ್ಕು ನಿಮಿಷವನ್ನು ಲಕ್ಷ್ಯಕೊಟ್ಟು ನೋಡಿ. ನಡೆಯುತ್ತ ಹೋದ ಮೂರನೆಯ ವರ ತಿರುಗಿ ಬರಲಿಲ್ಲ ಎಂದು ಅಕ್ಕ ಹೇಳುವಾಗ ಬಲಗಡೆಯ ಹೆಣದ ಕಾಲಿನ ಹೆಬ್ಬೆರಳು ಎರಡು ಸಲ ಅಲ್ಲಾಡುತ್ತದೆ. ಅದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಅದು ನನ್ನದೇ.